ಐಸಿನ ಹೊರಗೆ ಉಳಿದ ಟ್ಯೂಬು

ಲ್ಯಾಬಕ್ಕನಿಗೆ ಈಗ ಲ್ಯಾಬು ಇಲ್ಲ, ಹೆಸರು ಮಾತ್ರ ಉಳಿದುಕೊಂಡಿದೆ. ಮೂವತ್ತು ವರ್ಷ ಬಿಳಿ ಕೋಟು ತೊಟ್ಟು ಓಡಾಡಿದವಳನ್ನು ಬೀದಿಯವರು ಯಾವಾಗಲೋ ಹಾಗೆ ಕರೆಯಲು ಶುರು ಮಾಡಿದರು. ಕೋಟು ಕಳಚಿಟ್ಟ ಮೇಲೂ ಹಾಗೇ ಕರೆಯುತ್ತಾರೆ. ದ್ರಾವಕಗಳ ಹೊಗೆ ಕುಡಿದು ಕುಡಿದು ಎದೆಯಲ್ಲಿ ಒಂದು ಕೆಮ್ಮು ಮನೆ ಮಾಡಿಕೊಂಡಾಗ ಡಾಕ್ಟರು, "ಇನ್ನು ಲ್ಯಾಬಿನ ಬಾಗಿಲು ತುಳಿಯಬೇಡಿ" ಅಂದುಬಿಟ್ಟಿದ್ದರು. ಅವಳು ಐವತ್ತೇಳನೇ ವಯಸ್ಸಿಗೆ ತಮ್ಮನ ಮನೆಯ ಮೇಲಿನ ಎರಡು ಕೋಣೆಗಳಿಗೆ ಬಂದು ಸೇರಿದಳು.

ತಮ್ಮ ಟೈಲರು. ಕೆಳಗೆ ಅವನ ಅಂಗಡಿ. ಬೆಳಿಗ್ಗೆ ಒಂಬತ್ತಕ್ಕೆ ಅವನ ಹೊಲಿಗೆ ಮಷೀನು ಶುರುವಾದರೆ ಮೇಲಿನ ಕೋಣೆಯ ನೆಲ ಸಣ್ಣಗೆ ನಡುಗುತ್ತದೆ. ಮೇಜಿನ ಮೇಲಿನ ಲೋಟದ ನೀರಿನಲ್ಲಿ ಉಂಗುರಗಳು ಏಳುತ್ತವೆ. ಲ್ಯಾಬಕ್ಕ ಅವನ್ನೇ ನೋಡುತ್ತಾ ಕೂರುತ್ತಿದ್ದಳು. ಉಂಗುರ ಹುಟ್ಟಿ, ಅಗಲವಾಗಿ, ಲೋಟದ ಗೋಡೆಗೆ ತಾಗಿ ಹಿಂದಿರುಗುವಷ್ಟರಲ್ಲಿ ಅರ್ಧ ಬೆಳಗು ಕಳೆದಿರುತ್ತಿತ್ತು.

ಅಂಥ ಒಂದು ಬೆಳಗಿನಲ್ಲಿ ಫೋನು ಬಂತು. ಆ ಕಡೆಯ ಹೆಂಗಸು ತಾನು ಒಂದು ಕಂಪನಿಯ ಸಂಯೋಜಕಿ ಎಂದು ಹೇಳಿಕೊಂಡಳು. "ಮೇಡಂ, ಕೃತಕ ಬುದ್ಧಿಯ ಮಾಡೆಲ್ಲಿಗೆ ಜೀವರಸಾಯನ ಕಲಿಸಬೇಕು. ಮನೆಯಲ್ಲೇ ಕೂತು, ನಿಮಗೆ ಬಿಡುವಿದ್ದಾಗ. ಅದೂ ನಮ್ಮ ಭಾಷೆಯಲ್ಲೇ. ನಮ್ಮ ಭಾಷೆಯಲ್ಲಿ ಈ ವಿಷಯ ಬರೆಯೋರು ಸಿಗ್ತಾನೇ ಇಲ್ಲ. ಎಲ್ಲ ಸೇರಿ ಬೆರಳೆಣಿಕೆ."

ಊಟಕ್ಕೆ ಕೂತಾಗ ತಮ್ಮನಿಗೆ ಹೇಳಿದಳು. ಅವನು ಕೈ ತೊಳೆಯುತ್ತಾ ಕೇಳಿದ. "ಅಲ್ಲ ಅಕ್ಕ, ಅದಕ್ಕೆ ಎಲ್ಲ ಗೊತ್ತು ಅಂತಾರೆ. ಮತ್ತೆ ನೀನ್ಯಾಕೆ?"

"ಗೊತ್ತಿಲ್ಲದ್ದನ್ನೂ ಗೊತ್ತಿರೋ ಹಾಗೆ ಹೇಳುತ್ತಂತೆ. ಅದನ್ನ ಹಿಡಿಯೋಕೆ ನಾನು."

"ಓ. ನಮ್ಮ ದೊಡ್ಡಪ್ಪನ ಥರ."

"ದೊಡ್ಡಪ್ಪ ತಿದ್ದಿದ್ರೆ ಸಿಟ್ಟಾಗ್ತಿದ್ರು. ಇದು ಆಗಲ್ಲ."

"ಹಾಗಾದ್ರೆ ಒಳ್ಳೇದೇ ಬಿಡು," ಅಂದ ತಮ್ಮ.

ಕೆಲಸ ಹೀಗಿತ್ತು. ಅವಳು ಒಂದು ಕಠಿಣ ಪ್ರಶ್ನೆ ಬರೆಯಬೇಕು. ಮಾಡೆಲ್ಲು ಉತ್ತರ ಕೊಡುತ್ತದೆ. ಅದು ಎಲ್ಲಿ ಎಡವಿತು ಎಂದು ಗುರುತಿಸಿ, ಸರಿಯಾದ ಉತ್ತರವನ್ನು ಕಾರಣ ಸಮೇತ ಬರೆದು, ಅಂಕ ಹೇಗೆ ಕೊಡಬೇಕು ಎಂಬ ಪಟ್ಟಿಯನ್ನೂ ಜೋಡಿಸಬೇಕು. ಆಮೇಲೆ ಅವಳಂಥವರೇ ಇನ್ನೊಬ್ಬ ತಜ್ಞರು ಅದನ್ನೆಲ್ಲ ಪರಿಶೀಲಿಸಿ ಒಪ್ಪುತ್ತಾರೆ ಅಥವಾ ಹಿಂದಕ್ಕೆ ಕಳಿಸುತ್ತಾರೆ. ಯಾರೂ ತಮ್ಮ ಹೆಸರು, ಊರು, ಫೋನ್ ನಂಬರು ಬರೆಯುವಂತಿಲ್ಲ. ಎಲ್ಲರಿಗೂ ಒಂದೊಂದು ಸಂಖ್ಯೆ. ಲ್ಯಾಬಕ್ಕ ನಲವತ್ತೊಂದು.

ಮೊದಲ ಕೆಲವು ದಿನ ಅವಳಿಗೆ ಮಂಜಿನಲ್ಲಿ ನಿಂತು ಯಾರ ಜೊತೆಗೋ ಮಾತಾಡಿದ ಹಾಗಿತ್ತು. ಕೇಳಿದ್ದಕ್ಕೆಲ್ಲ ವಿನಯದಿಂದ ಉತ್ತರ ಬರುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅದು ಓದದ ಪುಸ್ತಕವಿರಲಿಲ್ಲ. ಆದರೆ ಮೂಗಿಲ್ಲ, ಬೆರಳಿಲ್ಲ. ಕೊಳೆತ ಪ್ರೋಟೀನಿನ ವಾಸನೆ ಬಾಗಿಲಲ್ಲೇ ಹೊಡೆದಾಗ ಇವತ್ತಿನ ಕೆಲಸ ಹೋಯಿತು ಎಂದು ಗೊತ್ತಾಗುವುದು, ಟ್ಯೂಬು ಅಲುಗಿಸಿದಾಗ ಏಳುವ ನೊರೆಯಲ್ಲೇ ಅರ್ಧ ಫಲಿತಾಂಶ ಕಾಣುವುದು, ಇದನ್ನೆಲ್ಲ ಯಾವ ಪುಸ್ತಕ ಬರೆದಿದೆ? ಅವಳು ಕಣ್ಣು ಮುಚ್ಚಿಕೊಂಡು ನೆನಪಿನ ಬೆಂಚಿನ ಮುಂದೆ ನಿಲ್ಲುತ್ತಿದ್ದಳು. ಕೈಗಳು ಮೇಜಿನ ಮೇಲೆ ತಮ್ಮಷ್ಟಕ್ಕೆ ಅಲುಗಾಡುತ್ತಿದ್ದವು. ಒಮ್ಮೆ ಕಾಫಿ ಕೊಡಲು ಬಂದ ತಮ್ಮ, ಅಕ್ಕ ಗಾಳಿಯಲ್ಲಿ ಹನಿ ಹನಿಯಾಗಿ ಏನನ್ನೋ ಸುರಿಯುತ್ತಿರುವುದನ್ನು ಬಾಗಿಲಲ್ಲೇ ನಿಂತು ನೋಡಿ, ಸದ್ದಿಲ್ಲದೆ ಲೋಟ ಇಟ್ಟು ಹೋದ.

ಎರಡನೇ ತಿಂಗಳಿನಲ್ಲಿ ಅವಳಿಗೆ ಕೋಲ್ಡ್ ರೂಮು ನೆನಪಾಯಿತು.

ಇಪ್ಪತ್ತೇಳರ ಹರೆಯದಲ್ಲಿ ಅವಳೂ ಅವಳ ಗೆಳತಿಯೂ ಒಬ್ಬರೇ ಮೇಷ್ಟ್ರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದರು. ಗೆಳತಿಗೆ ಎಲ್ಲರೂ ಕಂಬಳಿ ಅನ್ನುತ್ತಿದ್ದರು. ನಾಲ್ಕು ಡಿಗ್ರಿಯ ಕೋಲ್ಡ್ ರೂಮಿಗೆ ಅವಳು ಮನೆಯಿಂದ ತಂದ ಕಂಬಳಿಯನ್ನೇ ಹೊದ್ದುಕೊಂಡು ಹೋಗುತ್ತಿದ್ದಳು. ಇಬ್ಬರೂ ಸೇರಿ ಒಂದು ಬೂಷ್ಟಿನಿಂದ ಒಂದು ಕಿಣ್ವವನ್ನು ಶುದ್ಧವಾಗಿ ಬೇರ್ಪಡಿಸಬೇಕಿತ್ತು. ಕಿಣ್ವವೆಂದರೆ ಜೀವಕೋಶದ ಒಳಗೆ ಕೆಲಸ ಮಾಡಿಸುವ ಪ್ರೋಟೀನು. ಕೆಡದಿರಲಿ ಎಂದು ಅದನ್ನು ಐಸಿನಲ್ಲಿಡುವುದು ಎಲ್ಲರೂ ಕಲಿಯುವ ಮೊದಲ ಪಾಠ. ಇವರೂ ಇಟ್ಟರು. ಇಟ್ಟಷ್ಟು ಸಲವೂ ಅದು ಸತ್ತಿತು. ಎಂಟು ತಿಂಗಳು ಇದೇ ಹಾಡು. ಕಂಬಳಿ ಅದಕ್ಕೆ 'ಮುನಿಸಮ್ಮ' ಅಂತ ಹೆಸರಿಟ್ಟಿದ್ದಳು.

ಒಂದು ಸಂಜೆ ಕಂಬಳಿಗೆ ಜ್ವರ. "ನನ್ನ ಟ್ಯೂಬುಗಳನ್ನೂ ಐಸಿಗೆ ಇಟ್ಟುಬಿಡೇ," ಅಂತ ಹೇಳಿ ಬೇಗ ಹೊರಟಳು. ಲ್ಯಾಬಕ್ಕ ಒಂದೊಂದಾಗಿ ಇಡುತ್ತಿದ್ದಳು. ಕಿಟಕಿಯಾಚೆ ಆಕಾಶ ದಾಳಿಂಬೆ ಬಣ್ಣಕ್ಕೆ ತಿರುಗಿತ್ತು, ಹಕ್ಕಿಗಳ ದೊಡ್ಡ ಹಿಂಡೊಂದು ಬಟ್ಟೆ ಒದರಿದ ಹಾಗೆ ಮಡಿಚಿಕೊಳ್ಳುತ್ತಾ ಬಿಚ್ಚಿಕೊಳ್ಳುತ್ತಾ ಹಾರುತ್ತಿತ್ತು. ಅವಳು ನೋಡುತ್ತಾ ನಿಂತಳು. ಎಷ್ಟು ಹೊತ್ತು ನಿಂತಳೋ. ಹಿಂಡು ಮರೆಯಾದ ಮೇಲೆ ದೀಪ ಆರಿಸಿ ಮನೆಗೆ ಹೋದಳು. ಒಂದು ಟ್ಯೂಬು ಬೆಂಚಿನ ಮೇಲೆ ಹಾಗೇ ಉಳಿದಿತ್ತು.

ಬೆಳಿಗ್ಗೆ ಅದು ಮೇಷ್ಟ್ರ ಕೈಗೆ ಸಿಕ್ಕಿತು. ಮೇಲೆ ಕಂಬಳಿಯ ದುಂಡು ಅಕ್ಷರ. ಇಡೀ ವಿಭಾಗದ ಎದುರಿಗೆ ಅವರು ಅವಳಿಗೆ ಮಂಗಳಾರತಿ ಎತ್ತಿದರು. ಇನ್ನೂ ಜ್ವರದಲ್ಲಿ ಕಣ್ಣು ಕೆಂಪಾಗಿದ್ದ ಕಂಬಳಿ ಏನೂ ಅನ್ನಲಿಲ್ಲ. ಒಮ್ಮೆ ತಿರುಗಿ ಲ್ಯಾಬಕ್ಕನ ಮುಖ ನೋಡಿದಳು. ಲ್ಯಾಬಕ್ಕ ತುಟಿಪಿಟಿಕ್ಕೆನ್ನಲಿಲ್ಲ. "ನಿನಗೆ ಈ ಕೆಲಸ ಆಗಿಬರಲ್ಲ," ಅಂದರು ಮೇಷ್ಟ್ರು. ಕಂಬಳಿ ಬ್ಯಾಗು ತೆಗೆದುಕೊಂಡು ಹೊರಟುಹೋದಳು. ಆ ಬೆನ್ನಿಗೇ, ಮೇಷ್ಟ್ರು ಚೆಲ್ಲು ಎಂದು ಕೊಟ್ಟ ಟ್ಯೂಬನ್ನು ಲ್ಯಾಬಕ್ಕ ಸಿಂಕಿನ ತನಕ ಒಯ್ದವಳು, ಯಾಕೆ ಅಂತ ಅವಳಿಗೇ ಗೊತ್ತಿಲ್ಲ, ಚೆಲ್ಲುವ ಮುಂಚೆ ಕಿಣ್ವ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ಒಮ್ಮೆ ಅಳೆದು ನೋಡಿದಳು. ಐಸಿನಲ್ಲಿದ್ದ ಉಳಿದ ಹನ್ನೊಂದೂ ಸತ್ತಿದ್ದವು. ಹೊರಗಿದ್ದದ್ದು ಬದುಕಿತ್ತು.

ಸುದ್ದಿ ಕೇಳಿ ಮೇಷ್ಟ್ರು ಅವಳನ್ನು ತಲೆ ಮೇಲೆ ಕೂರಿಸಿಕೊಂಡರು. ಈ ಕಿಣ್ವಕ್ಕೆ ಚಳಿಯೇ ವಿಷ ಎಂದು ಪ್ರಬಂಧ ಅಚ್ಚಾಯಿತು. ಅದರ ಮೇಲೆ ಎರಡೇ ಹೆಸರು, ಮೇಷ್ಟ್ರದು ಮತ್ತು ಅವಳದು. ಕಂಬಳಿ ಮತ್ತೆ ಬರಲಿಲ್ಲ. ಲ್ಯಾಬಕ್ಕ ಎರಡು ಸಲ ಕಾಗದ ಬರೆದು ಎರಡು ಸಲವೂ ಹರಿದಳು. ಆಮೇಲೆ ಕಾಗದ ಬರೆಯುವ ಕಾಲವೇ ಹೋಯಿತು.

ಈಗ ಅದನ್ನೇ ಪ್ರಶ್ನೆ ಮಾಡಿದಳು. ಹನ್ನೆರಡು ಟ್ಯೂಬು, ಹನ್ನೊಂದು ಐಸಿನಲ್ಲಿ, ಒಂದು ಹೊರಗೆ ಇಪ್ಪತ್ತೆರಡು ಡಿಗ್ರಿಯಲ್ಲಿ. ಮರುದಿನ ಒಂದರಲ್ಲಿ ಮಾತ್ರ ಜೀವ. ಯಾವುದರಲ್ಲಿ, ಯಾಕೆ? ಮಾಡೆಲ್ಲು ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಉತ್ತರಿಸಿತು. ಹೊರಗೆ ಉಳಿದದ್ದು ಖಂಡಿತ ಕೆಟ್ಟಿರುತ್ತದೆ, ಐಸಿನ ಹನ್ನೊಂದರಲ್ಲಿ ಹತ್ತನ್ನು ಬೇರೇನೋ ಕೆಡಿಸಿರಬೇಕು ಎಂದು ಏಳು ಕಾರಣ ಕೊಟ್ಟಿತು. ಅವಳಿಗೆ ನಗು ಬಂತು. ತಾಳ್ಮೆಯಿಂದ ಬರೆದಳು: ಈ ಕಿಣ್ವದ ನಾಲ್ಕು ತುಂಡುಗಳು ಒಂದನ್ನೊಂದು ತಬ್ಬಿಕೊಂಡಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ನೀರಿಗೆ ಹೆದರಿ ಒಟ್ಟಿಗೆ ಮುದುಡಿಕೊಂಡ ಭಾಗಗಳ ಅಪ್ಪುಗೆ ಅದು. ಚಳಿಯಲ್ಲಿ ಆ ಹೆದರಿಕೆ ಕಮ್ಮಿಯಾಗುತ್ತದೆ, ಅಪ್ಪುಗೆ ಸಡಿಲವಾಗುತ್ತದೆ, ತುಂಡುಗಳು ಬೇರೆಯಾಗುತ್ತವೆ.

ಕಳಿಸಿ, ಕಿಟಕಿಗೆ ಬೆನ್ನು ಕೊಟ್ಟು ಬಿಸಿಲಲ್ಲಿ ತೂಕಡಿಸಿದಳು. ಕೋಲ್ಡ್ ರೂಮಿನ ಗೋಡೆಗಳ ಮೇಲೆ ಎಲೆ ಚಿಗುರಿದ ಹಾಗೆ ಕನಸು.

ಮರುದಿನ ಪ್ರಶ್ನೆ ಹಿಂದಕ್ಕೆ ಬಂದಿತ್ತು. ಪರಿಶೀಲಕರು ಹನ್ನೊಂದನೆಯವರು. ಟಿಪ್ಪಣಿ ಎರಡೇ ಸಾಲು.

"ವಿವರಣೆ ಸರಿಯಾಗಿದೆ. ಆದರೆ ಅಲ್ಲಿ ಇಪ್ಪತ್ತೆರಡು ಡಿಗ್ರಿ ಇರಲಿಲ್ಲ. ಆ ಬೆಂಚಿನ ಪಕ್ಕದಲ್ಲೇ ವಾಟರ್ ಬಾತು ಇತ್ತು, ಇಪ್ಪತ್ತೆಂಟಾದರೂ ಇದ್ದಿರಬೇಕು, ತಿದ್ದಿ."

ಲ್ಯಾಬಕ್ಕ ಓದಿದಳು. ಮತ್ತೆ ಓದಿದಳು. ಪ್ರಶ್ನೆಯಲ್ಲಿ ವಾಟರ್ ಬಾತಿನ ಮಾತೇ ಇರಲಿಲ್ಲ. ಅಚ್ಚಾದ ಪ್ರಬಂಧದಲ್ಲೂ ಇರಲಿಲ್ಲ. ಬಿಸಿನೀರಿನ ಆ ತಗಡಿನ ತೊಟ್ಟಿ, ಅದರ ಗುಂಯ್ ಸದ್ದು, ಚಳಿಯಿಂದ ಹೊರಬಂದ ಇಬ್ಬರು ಹುಡುಗಿಯರು ಅದರ ಮೇಲೆ ಕೈ ಕಾಯಿಸಿಕೊಳ್ಳುತ್ತಿದ್ದದ್ದು, ಈ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ನೆನಪಿರಲು ಸಾಧ್ಯ.

ಕೆಳಗೆ ಮಷೀನು ನಿಂತಿತ್ತು. ಅವಳು ಮೆಟ್ಟಿಲಿಳಿದು ಅಂಗಡಿಗೆ ಹೋಗಿ, ಬಟ್ಟೆಯ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮೂವತ್ತು ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದನ್ನು ತಮ್ಮನಿಗೆ ಮೊದಲಿಂದ ಕೊನೆಯವರೆಗೆ ಹೇಳಿದಳು. ಅವನು ಗುಂಡಿ ಹೊಲಿಯುತ್ತಲೇ ಕೇಳಿಸಿಕೊಂಡ.

"ಅವಳೇ ಅಂತ ಹೇಗೆ ಹೇಳ್ತೀಯ?" ಅಂದ.

"ಇನ್ಯಾರೂ ಆಗಿರೋಕೆ ಸಾಧ್ಯ ಇಲ್ಲ."

"ನೀನು ಅಂತ ಅವಳಿಗೆ ಗೊತ್ತಾಗಿದೆಯಾ?"

"ಗೊತ್ತಾಗಿರೋದಕ್ಕೇ ಹಾಗೆ ಬರ್ದಿದಾಳೆ."

ತಮ್ಮ ದಾರ ಹಲ್ಲಿನಲ್ಲಿ ಕಡಿದ. "ಬರೆದುಬಿಡು, ಅಕ್ಕ. ಬರೆಯೋ ಜಾಗ ಇದೆ ತಾನೆ?"

ಜಾಗ ಇತ್ತು. ಸ್ವಂತ ವಿಷಯ ಬರೆಯಬಾರದು ಎಂಬ ನಿಯಮವೂ ಇತ್ತು. ಎರಡು ದಿನ ಅವಳು ಆ ಪ್ರಶ್ನೆ ತೆರೆಯಲೇ ಇಲ್ಲ. ಬೀದಿಗಳಲ್ಲಿ ನಡೆದಳು. ಔಷಧಿ ಅಂಗಡಿಯ ಗಾಜಿನಲ್ಲಿ, ನಿಂತ ಬಸ್ಸಿನ ಕಿಟಕಿಯಲ್ಲಿ, ಎಲ್ಲ ಕಡೆ ಒಂದು ಹುಡುಗಿ ಕೆಂಪು ಕಣ್ಣು ತಿರುಗಿಸಿ ಅವಳ ಬಾಯನ್ನೇ ನೋಡುತ್ತಿದ್ದ ಹಾಗನ್ನಿಸಿತು. ಮೂರನೇ ದಿನ ಬೆಳಿಗ್ಗೆ ಕೂತು ಇಪ್ಪತ್ತೆರಡನ್ನು ಇಪ್ಪತ್ತೆಂಟು ಮಾಡಿದಳು. ವಿವರಣೆಯ ಕೊನೆಗೆ ಒಂದು ಪ್ಯಾರಾ ಸೇರಿಸಿದಳು.

"ಟ್ಯೂಬಿನ ಮೇಲೆ ಒಬ್ಬರ ಕೈಬರಹ ಇತ್ತು. ಅದನ್ನು ಹೊರಗೆ ಬಿಟ್ಟವರು ಅವರಲ್ಲ. ಬಿಟ್ಟವರು ಪಕ್ಕದಲ್ಲೇ ನಿಂತಿದ್ದರು, ಬಾಯಿ ಬಿಡಲಿಲ್ಲ. ಬೈಗುಳ ಒಬ್ಬರಿಗೆ ಹೋಯಿತು, ಹೆಸರು ಇನ್ನೊಬ್ಬರಿಗೆ ಬಂತು. ಇದು ತಪ್ಪು, ಇದಕ್ಕೆ ಕಾರಣ ಹೆದರಿಕೆ, ಬೇರೇನಲ್ಲ." ಅಂಕಗಳ ಪಟ್ಟಿಯಲ್ಲೂ ಒಂದು ಸಾಲು ಹಾಕಿದಳು: 'ಮೇಲೆ ಬರೆದ ಹೆಸರು ನೋಡಿ, ಹೊರಗೆ ಬಿಟ್ಟವರು ಇವರೇ ಎಂದು ತೀರ್ಮಾನಿಸುವ ಉತ್ತರಕ್ಕೆ ಸೊನ್ನೆ.'

ಕಳಿಸುವ ಗುಂಡಿ ಒತ್ತಿದ ಮೇಲೆ ಬೆರಳು ತುಂಬ ಹೊತ್ತು ತಣ್ಣಗಿತ್ತು.

ನಾಲ್ಕು ದಿನ ಸುದ್ದಿಯಿಲ್ಲ. ಅವಳು ಬೇರೆ ಪ್ರಶ್ನೆಗಳನ್ನು ಬರೆದಳು, ಅಳಿಸಿದಳು. ಮಾಡೆಲ್ಲಿನ ಉತ್ತರಗಳು ನೀರಿನ ಅಡಿಯಿಂದ ಕೇಳಿದಂತಿದ್ದವು. ಐದನೇ ದಿನ ಹನ್ನೊಂದನೆಯವರ ಟಿಪ್ಪಣಿ ಬಂತು.

"ಕೊನೆಯ ಪ್ಯಾರಾ ಮತ್ತು ಅಂಕದ ಕೊನೆಯ ಸಾಲು ಜೀವರಸಾಯನಕ್ಕೆ ಸಂಬಂಧಿಸಿದ್ದಲ್ಲ. ಮಾಡೆಲ್ಲಿಗೆ ಅದರಿಂದ ಉಪಯೋಗವಿಲ್ಲ. ಅಳಿಸಿ ಕಳಿಸಿ. ನಾನು ಓದಿದ್ದೇನೆ."

ಲ್ಯಾಬಕ್ಕ ಅಳಿಸಿದಳು. ಅಳಿಸುವಾಗ ಅಕ್ಷರಗಳು ಹಿಂದಿನಿಂದ ಮುಂದಕ್ಕೆ ಒಂದೊಂದಾಗಿ ಕರಗಿದವು. ಸಂಜೆಯ ಹೊತ್ತಿಗೆ ಪ್ರಶ್ನೆಯ ಮುಂದೆ 'ಒಪ್ಪಿಗೆಯಾಗಿದೆ' ಎಂದು ಹಸಿರು ಗೆರೆ ಬಿತ್ತು.

ಅಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದಳು. ತಿಂಗಳಿಗೊಮ್ಮೆ ಎಲ್ಲ ತಜ್ಞರೂ ಸೇರುವ ಆನ್‌ಲೈನ್ ಸಭೆಯೊಂದಿತ್ತು. ಅಲ್ಲಿ ಮುಖಗಳಿಲ್ಲ, ಕಪ್ಪು ಚೌಕಗಳ ಮೇಲೆ ಸಂಖ್ಯೆಗಳು, ದನಿಗಳು ಮಾತ್ರ. ಸಂಯೋಜಕಿ ಮಾತಾಡುತ್ತಿದ್ದಳು. "ಮುಂದಿನ ಪ್ರಶ್ನೆಗಳನ್ನ ಇಬ್ಬಿಬ್ಬರು ಸೇರಿ ಬರೀಬೇಕು. ಹನ್ನೊಂದನೆಯವರೇ, ನೀವು ಯಾರ ಜೊತೆ?"

ಯಾರೋ ಗಂಟಲು ಸರಿಮಾಡಿಕೊಂಡರು. "ನಲವತ್ತೊಂದರ ಜೊತೆ," ಅಂದಿತು ದನಿ. ಅದು ಒರಟಾಗಿತ್ತು, ದಪ್ಪವಾಗಿತ್ತು, ಆದರೂ ಒಳಗಿನ ಎಳೆ ಹಳೆಯದೇ.

"ನಿಮಗೆ ಪರಿಚಯವಾ ಮೇಡಂ?"

"ಅವರ ಬರವಣಿಗೆ ಪರಿಚಯ."

ಸಭೆ ಮುಗಿದ ಮೇಲೆ ಇಬ್ಬರನ್ನೇ ಒಂದು ಕೋಣೆಗೆ ಬಿಟ್ಟರು. ಆ ಕೋಣೆಯೂ ಎರಡು ಕಪ್ಪು ಚೌಕ, ಅಷ್ಟೇ. ಲ್ಯಾಬಕ್ಕನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು.

"ಇದ್ದೀಯೇನೇ?" ಅಂದಳು ಕಂಬಳಿ.

"ಇದ್ದೀನಿ."

"ಕೆಮ್ಮು ಜೋರಾಗಿದೆಯಲ್ಲ."

"ಹೊಗೆ ಕುಡಿದದ್ದು." ಆಮೇಲೆ ಲ್ಯಾಬಕ್ಕ ಕೇಳಿದಳು. "ಅವತ್ತು ನೀನ್ಯಾಕೆ ಹೇಳಲಿಲ್ಲ? ನಾನು ಇವಳಿಗೆ ಕೊಟ್ಟು ಹೋಗಿದ್ದೆ ಅಂತ."

"ನೀನೇ ಹೇಳ್ತೀಯ ಅಂತ ಕಾದೆ." ಕಂಬಳಿಯ ದನಿಯಲ್ಲಿ ಏರಿಳಿತವಿರಲಿಲ್ಲ. "ಬಸ್ ಸ್ಟಾಪಿನಲ್ಲೂ ಕಾದೆ. ಓಡಿ ಬರ್ತೀಯ ಅಂತ. ಎರಡು ಬಸ್ಸು ಬಿಟ್ಟೆ."

ಲ್ಯಾಬಕ್ಕನಿಗೆ ಆ ಹೊತ್ತಿನಲ್ಲಿ ತಾನು ಎಲ್ಲಿದ್ದೆ ಎಂದು ಚೆನ್ನಾಗಿ ಗೊತ್ತಿತ್ತು. ಬದುಕಿದ ಟ್ಯೂಬು ಹಿಡಿದು ಮೇಷ್ಟ್ರ ಕೋಣೆಯ ಕಡೆಗೆ ಓಡುತ್ತಿದ್ದಳು. ಅದನ್ನೂ ಹೇಳಿದಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಕಂಬಳಿ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ತನ್ನ ಕಥೆ ಹೇಳಿದಳು. ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿಗೆ ಸೇರಿದ್ದು, ಇಪ್ಪತ್ತಾರು ವರ್ಷ ಅಲ್ಲೇ ಇದ್ದು ಮುಖ್ಯಸ್ಥೆಯಾದದ್ದು, ಮದುವೆ, ಒಬ್ಬ ಮಗಳು, ಗಂಡ ಹೋಗಿ ಮೂರು ವರ್ಷ. "ಅಯ್ಯೋ ಪಾಪ ಅನ್ನಬೇಡ. ನನಗೆ ಆ ಕೆಲಸ ಇಷ್ಟವಾಗಿತ್ತು. ಆದರೆ ಕೋಪ ಇತ್ತು. ನಿನ್ನ ಪ್ರಬಂಧ ನೋಡಿದಾಗ ಮೂರು ದಿನ ಊಟ ಸೇರಲಿಲ್ಲ."

"ಪತ್ರಿಕೆಯವರಿಗೆ ಬರೀತೀನಿ," ಅಂದಳು ಲ್ಯಾಬಕ್ಕ. "ನಿನ್ನ ಹೆಸರು ಸೇರಿಸೋಕೆ. ಈಗ ಅದರಿಂದ ಏನೂ ಆಗಲ್ಲ, ಗೊತ್ತು. ನೀನು ಬೇಡ ಅಂದರೆ..."

"ಬೇಡ ಅಂತ ಯಾರು ಹೇಳಿದ್ರು? ಬರಿ. ನನಗೆ ಬೇಕು ಅದು."

ಆ ಮಾತು ಲ್ಯಾಬಕ್ಕನ ಎದೆಗೆ ನೇರವಾಗಿ ಹೋಗಿ ಕೂತಿತು. ಬೇಡ ಬಿಡು ಎಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಬರೆಯಬಾರದ ಫೋನ್ ನಂಬರು, ವಿಳಾಸಗಳನ್ನು ಇಬ್ಬರೂ ಬಾಯಲ್ಲೇ ಹೇಳಿಕೊಂಡರು. ಅಂದೇ ಲ್ಯಾಬಕ್ಕ ಪತ್ರ ಬರೆದಳು. ಇದನ್ನು ಹರಿಯಲಿಲ್ಲ. ಮೇಷ್ಟ್ರು ತೀರಿಕೊಂಡು ವರ್ಷಗಳಾಗಿದ್ದವು, ಪತ್ರಿಕೆಯವರು ಹಳೆಯ ನೋಟ್‌ಬುಕ್ಕಿನ ಪುಟಗಳನ್ನು ಕೇಳಿದರು. ಅವಳು ಅಟ್ಟದ ಮೇಲಿನ ಪೆಟ್ಟಿಗೆಯಿಂದ ತೆಗೆದು ಫೋಟೋ ಹಿಡಿದು ಕಳಿಸಿದಳು. ಎರಡೂವರೆ ತಿಂಗಳ ಮೇಲೆ ಮೂರು ಸಾಲಿನ ತಿದ್ದುಪಡಿ ಅಚ್ಚಾಯಿತು. ಅದರಲ್ಲಿ ಮೂರನೇ ಹೆಸರಿತ್ತು.

ಅದನ್ನು ಫೋನಿನಲ್ಲಿ ಓದಿ ಹೇಳಿದಾಗ ಕಂಬಳಿ, "ಕಾಗುಣಿತ ಸರಿಯಾಗಿ ಹಾಕಿದ್ದಾರಾ?" ಅಂತ ಕೇಳಿದಳು. ಸರಿಯಾಗಿತ್ತು.

ಈ ನಡುವೆ ಕೆಲಸ ನಡೆದೇ ಇತ್ತು. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಇಬ್ಬರೂ ಕೂತು ಪ್ರಶ್ನೆ ಕಟ್ಟುತ್ತಿದ್ದರು. ಜಗಳ ಬರುತ್ತಿತ್ತು. ಕಂಬಳಿಗೆ ರಕ್ತದ ಪ್ರಶ್ನೆಗಳೇ ಬೇಕು. ಲ್ಯಾಬಕ್ಕನಿಗೆ ಬೂಷ್ಟು, ಯೀಸ್ಟು. ಒಮ್ಮೊಮ್ಮೆ ಮಾತಿನ ಮಧ್ಯೆ ಕಂಬಳಿ ಇದ್ದಕ್ಕಿದ್ದಂತೆ ಮೌನವಾಗುತ್ತಿದ್ದಳು, ಆ ದಿನ ಬೇಗ ಹೊರಟುಬಿಡುತ್ತಿದ್ದಳು. ಲ್ಯಾಬಕ್ಕ ಯಾಕೆ ಎಂದು ಕೇಳುತ್ತಿರಲಿಲ್ಲ. ಮುಂದಿನ ಸಲ ಅವಳು ಬರುತ್ತಾಳೋ ಇಲ್ಲವೋ ಎಂದು ಕಪ್ಪು ಚೌಕದ ಮುಂದೆ ಕಾಯುವುದು ತನ್ನ ಪಾಲಿನದು ಎಂದುಕೊಳ್ಳುತ್ತಿದ್ದಳು. ಕಂಬಳಿ ಬರುತ್ತಿದ್ದಳು.

ಒಂದು ಶುಕ್ರವಾರ ಚೌಕ ಖಾಲಿ ಇತ್ತು. ಹತ್ತಾಯಿತು, ಹತ್ತೂವರೆಯಾಯಿತು. ಕೆಳಗೆ ಮಷೀನು ನಿಂತದ್ದು ಗೊತ್ತಾಯಿತು, ಯಾರದೋ ಜೊತೆ ತಮ್ಮ ಮಾತಾಡುವುದು ಕೇಳಿಸಿತು.

"ಬ್ಲೌಸಾ, ಚೂಡಿದಾರಾ?"

"ಏನೂ ಬೇಡಪ್ಪ. ನಿಮ್ಮಕ್ಕ ಇದ್ದಾಳಾ?"

"ಮೇಲಿದ್ದಾಳೆ. ನೀವು ಯಾರು ಅಂತ ಹೇಳಲಿ?"

"ಹನ್ನೊಂದು ಅಂತ ಹೇಳು."

ತಮ್ಮ, "ಮೆಟ್ಟಿಲು ಕಿರಿದು, ನೋಡಿ ಹತ್ತಿ, ಅಕ್ಕ," ಅಂದ.

ಬಾಗಿಲಲ್ಲಿ ನಿಂತವಳ ಕೂದಲು ಪೂರಾ ಬೆಳ್ಳಗಾಗಿತ್ತು. ಕನ್ನಡಕ ದಪ್ಪಗಿತ್ತು. ಬೆಳಗಿನ ಬಸ್ಸಿನ ಧೂಳು ಸೀರೆಯ ಅಂಚಿಗೆ ಹತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಲ್ಯಾಬಕ್ಕ ಏಳುವಷ್ಟರಲ್ಲಿ ಕಂಬಳಿಯೇ ಒಳಗೆ ಬಂದು, ಕಿಟಕಿ ಪಕ್ಕದ ಇನ್ನೊಂದು ಕುರ್ಚಿಯನ್ನು ಎಳೆದುಕೊಂಡು, ಲ್ಯಾಪ್‌ಟಾಪಿನ ಮುಂದೆ ಕೂತಳು. ಲ್ಯಾಬಕ್ಕನ ಅಂಗೈ ಅವಳ ಅಂಗೈಯೊಳಗೆ ಯಾವಾಗ ಹೋಯಿತೋ ಇಬ್ಬರೂ ಗಮನಿಸಲಿಲ್ಲ.

"ಎಲ್ಲಿಗೆ ನಿಲ್ಲಿಸಿದ್ವಿ?" ಅಂದಳು ಕಂಬಳಿ.

"ಹಾಲು ಹೆಪ್ಪಾಗೋದು."

"ಹಾಂ. ಏನು ಹೇಳುತ್ತೆ ಇದು?"

ಲ್ಯಾಬಕ್ಕ ಮಾಡೆಲ್ಲಿನ ಉತ್ತರವನ್ನು ಮೇಲಕ್ಕೆ ತಂದಳು. ಕಂಬಳಿ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದತೊಡಗಿದಳು. ಬಿಸಿಲು ಮೇಜಿನ ಅಂಚಿನವರೆಗೆ ಬಂದಿತ್ತು. ಅರ್ಧ ಓದುವಷ್ಟರಲ್ಲಿ ಅವಳು ತಲೆ ಅಲ್ಲಾಡಿಸಿ, "ಪರವಾಗಿಲ್ಲ ಕಣೇ, ಮೊದಲನೇ ಭಾಗ ಸರಿಯಾಗೇ ಹೇಳಿದೆ," ಅಂದಳು. "ಎರಡನೇದು ನೋಡೋಣ."